ಬೆಂಡಿನ ಟೋಪಿ, ದ್ರಾಕ್ಷಿ ಚಪ್ಪರ

ಕೋಗಿಲು ಕ್ರಾಸ್‌ನಿಂದ ಊರೊಳಕ್ಕೆ ಹೋಗುವ ರಸ್ತೆಯಲ್ಲಿ ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಒಬ್ಬರಿದ್ದಾರೆ. ಡಿಸೆಂಬರ್ ಚಳಿಯಲ್ಲೂ ಅಗಲ ಅಂಚಿನ ಟೋಪಿ, ಅದರ ಕೆಳಗೆ ಕಿವಿ ಮುಚ್ಚುವಂತೆ ಸುತ್ತಿದ ಟವೆಲ್, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ. ಹೊಸ ಗಿರಾಕಿಗಳು ಒಂದು ಕ್ಷಣ ನಿಂತು ನೋಡುತ್ತಾರೆ. ಅವರ ಕೂದಲು ಒಣಹುಲ್ಲಿನ ಬಣ್ಣದ್ದು, ಚರ್ಮ ಹಾಲಿನಂತೆ ಬಿಳಿ. ಹುಟ್ಟಿನಿಂದಲೇ ಹಾಗೆ. ವೈದ್ಯರ ಭಾಷೆಯಲ್ಲಿ ಇದು ಆಲ್ಬಿನಿಸಂ.

ಕೆಲವು ವರ್ಷಗಳ ಹಿಂದೆ ಅವರ ಎಡಕಿವಿಯ ಅಂಚಿನಲ್ಲಿ ಒಂದು ಕಲೆ ಕಾಣಿಸಿಕೊಂಡಿತು. ಕಾಣಿಸಿಕೊಂಡಿತು ಎನ್ನುವುದಕ್ಕಿಂತ ಕೈಗೆ ಸಿಕ್ಕಿತು ಎನ್ನಬೇಕು. ಕಣ್ಣಿಗೆ ತುಸು ಕೆಂಪು, ಬೆರಳಿಗೆ ಉಪ್ಪುಕಾಗದ. ಹಕ್ಕಳೆ ಕಿತ್ತರೆ ಬರುತ್ತಿತ್ತು. ವಾರ ಕಳೆದರೆ ಮತ್ತೆ ಕಟ್ಟುತ್ತಿತ್ತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಹುಳುಕಡ್ಡಿಯ ಮುಲಾಮು ಕೊಟ್ಟರು. ಎಂಟು ತಿಂಗಳು ಹಚ್ಚಿದ್ದಾಯಿತು. ಕೊನೆಗೆ ಚರ್ಮರೋಗ ತಜ್ಞರೊಬ್ಬರು ಕಿವಿಯ ಮೇಲೆ ಬೆರಳಾಡಿಸಿ, ‘ಇದು ಬಿಸಿಲು ಮಾಡಿದ ಕೆಲಸ. ಈಗಲೇ ತೆಗೆದುಬಿಡೋಣ, ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು’ ಎಂದರು.

ಪಠ್ಯಪುಸ್ತಕಗಳಲ್ಲಿ ಈ ಕಲೆಯ ಹೆಸರು ಆಕ್ಟಿನಿಕ್ ಕೆರಟೋಸಿಸ್. ಗ್ರೀಕ್ ಭಾಷೆಯಲ್ಲಿ ‘ಆಕ್ಟಿಸ್’ ಎಂದರೆ ಕಿರಣ, ‘ಕೆರಾಸ್’ ಎಂದರೆ ಕೊಂಬು. ಕಿರಣ ತಾಗಿ ಕೊಂಬಿನಂತೆ ಗಡುಸಾದ ಚರ್ಮ ಎಂದು ಅರ್ಥ. ಅದೇ ಪುಸ್ತಕಗಳು ಇದನ್ನು ಬಿಳಿಯರ ತೊಂದರೆ ಎಂದೂ ಹೇಳುತ್ತವೆ. ಬಿಳಿಯರು ಬೆಂಗಳೂರಿನ ಬಿಸಿಲಿನಲ್ಲಿ ನೂರಮೂವತ್ತಕ್ಕೂ ಹೆಚ್ಚು ವರ್ಷ ಕಳೆದು ಹೋದರು. ಅವರು ಬಿಸಿಲಿಗೆ ಹೆದರಿದ ರೀತಿಯೇ ಒಂದು ಸ್ವಾರಸ್ಯದ ಕಥೆ. ಕೋಗಿಲಿನ ಈ ಕಿವಿಯ ಕಥೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಮಿದುಳಿಗೆ ಹೆದರಿದವರು

ಬೆಂಗಳೂರಿನ ದಂಡುಪ್ರದೇಶ ಸ್ಥಾಪನೆಯಾದದ್ದು 1809ರಲ್ಲಿ. ಇಲ್ಲಿನ ತಂಪು ಹವೆ ಬ್ರಿಟಿಷರಿಗೆ ಒಗ್ಗಿತು. ಆದರೂ ಬಿಸಿಲೆಂದರೆ ಅವರಿಗೆ ಎದೆನಡುಕ. 1896ರಲ್ಲಿ ಇಲ್ಲಿಗೆ ಬಂದ ಯುವ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ತಮ್ಮ ಆತ್ಮಕಥನದಲ್ಲಿ ಅಂದಿನ ದಿನಚರಿಯನ್ನು ವಿವರಿಸಿದ್ದಾರೆ. ಬೆಳಗಿನ ಆರಕ್ಕೆ ಕವಾಯತು, ಹನ್ನೊಂದರೊಳಗೆ ಬಿಳಿಯರೆಲ್ಲ ಸೂರಿನಡಿ, ಊಟವಾದ ಮೇಲೆ ಐದರವರೆಗೆ ನಿದ್ದೆ, ಆಮೇಲೆ ಪೋಲೊ. ಹೊರಗೆ ಹೊರಟರೆ ತಲೆಯ ಮೇಲೆ ‘ಸೋಲಾ’ ಟೋಪಿ ಇರಲೇಬೇಕು.

ಸೋಲಾ ಎಂದರೆ ಸೋಲಾರ್ ಅಲ್ಲ. ಅದು ಜೌಗಿನಲ್ಲಿ ಬೆಳೆಯುವ ಒಂದು ಗಿಡದ ಹೆಸರು. ಅದರ ಹಗುರವಾದ ಬೆಂಡಿನಿಂದ ಟೋಪಿ ಮಾಡುತ್ತಿದ್ದರು. ಉಷ್ಣವಲಯದ ಬಿಸಿಲಿನಲ್ಲಿ ‘ಆಕ್ಟಿನಿಕ್’ ಎಂಬ ವಿಶೇಷ ಕಿರಣಗಳಿವೆ, ಅವು ತಲೆಬುರುಡೆಯನ್ನೂ ಬೆನ್ನುಮೂಳೆಯನ್ನೂ ತೂರಿ ಒಳಹೊಕ್ಕು ಮಿದುಳನ್ನು ಕೆಡಿಸುತ್ತವೆ ಎಂಬ ನಂಬಿಕೆ ಆಗ ವಿದ್ಯಾವಂತರಲ್ಲೇ ಬೇರೂರಿತ್ತು. 1905ರಲ್ಲಿ ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ ಈ ವಾದಕ್ಕೆ ಒಂದು ದಪ್ಪ ಪುಸ್ತಕವನ್ನೇ ಮೀಸಲಿಟ್ಟ. ಬೆನ್ನಿಗೆ ಮೆತ್ತೆ ಕಟ್ಟಿಕೊಳ್ಳುವುದು, ಟೋಪಿಯ ಒಳಗೆ ಕೆಂಪು ಬಟ್ಟೆ ಹೊಲಿಸುವುದು ಬಳಕೆಗೆ ಬಂತು. ಕೆಂಪು ಬಣ್ಣ ಆ ಕಿರಣವನ್ನು ತಡೆಯುತ್ತದೆ ಎಂಬ ಲೆಕ್ಕ. ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕದ ಸೇನೆ ನೂರಾರು ಸೈನಿಕರಿಗೆ ಕಿತ್ತಳೆಗೆಂಪು ಒಳ ಉಡುಪು ತೊಡಿಸಿ ಪರೀಕ್ಷೆಯನ್ನೂ ಮಾಡಿತು. 1910ರಲ್ಲಿ ಪ್ರಕಟವಾದ ವರದಿಯ ಸಾರ ಇಷ್ಟೇ: ಲಾಭವೇನೂ ಆಗಲಿಲ್ಲ, ಸೆಕೆ ಮಾತ್ರ ಹೆಚ್ಚಾಯಿತು.

ಎರಡನೇ ಮಹಾಯುದ್ಧದ ಹೊತ್ತಿಗೆ ಸೇನೆಯೇ ಬೆಂಡಿನ ಟೋಪಿಯನ್ನು ಕೈಬಿಟ್ಟಿತು. ಬರಿದಲೆಯಲ್ಲಿ ಓಡಾಡಿದ ಸೈನಿಕರ ಮಿದುಳು ಕೆಡಲಿಲ್ಲ. ಟೋಪಿಯನ್ನು ನಗೆಯಾಡಿದ್ದೂ ಆಯಿತು. ಆದರೆ ಇಡೀ ಪ್ರಸಂಗದಲ್ಲಿ ಒಂದು ತಮಾಷೆಯಿದೆ. ಕಿರಣವೇನೋ ನಿಜವಾಗಿಯೂ ಇತ್ತು. ಅದಕ್ಕೆ ಬುರುಡೆಯನ್ನು ತೂರುವ ಶಕ್ತಿ ಇರಲಿಲ್ಲ, ಅಷ್ಟೆ. ಅದು ಕೆಲಸ ಮಾಡುತ್ತಿದ್ದುದು ಕೂದಲೆಳೆಯಷ್ಟು ತೆಳುವಾದ ಹೊರಚರ್ಮದ ಮೇಲೆ. ಮೂಗು, ಕಿವಿ, ಕೆಳತುಟಿ, ಮುಂಗೈಗಳ ಮೇಲೆ. ಮಿದುಳಿಗೆಂದು ಧರಿಸಿದ ಅಗಲ ಅಂಚಿನ ಟೋಪಿ, ಧರಿಸಿದವನಿಗೇ ಗೊತ್ತಿಲ್ಲದಂತೆ ಅವನ ಮೂಗನ್ನೂ ಕಿವಿಯನ್ನೂ ಕಾಯುತ್ತಿತ್ತು.

ನಾವಿಕ ಮತ್ತು ದ್ರಾಕ್ಷಿ ಕೂಲಿ

ಚರ್ಮದ ಮೇಲಿನ ಈ ಪೆಟ್ಟನ್ನು ಮೊದಲು ಗುರುತಿಸಿದವರು ಯುರೋಪಿನ ವೈದ್ಯರು, ಅದೂ ತಮ್ಮ ಊರಿನ ದುಡಿಯುವ ಜನರಲ್ಲಿ. ಹ್ಯಾಂಬರ್ಗ್ ಜರ್ಮನಿಯ ದೊಡ್ಡ ಬಂದರು. ಅಲ್ಲಿನ ಚರ್ಮತಜ್ಞ ಪೌಲ್ ಗೆರ್ಸೋನ್ ಉನ್ನಾ 1894ರಲ್ಲಿ ‘ನಾವಿಕರ ಚರ್ಮ’ ಎಂಬ ಸ್ಥಿತಿಯನ್ನು ವರ್ಣಿಸಿದ. ಹಡಗಿನ ಮೇಲೆ ಜೀವಮಾನ ಕಳೆದವರ ಮುಖ ಮತ್ತು ಕೈಗಳಲ್ಲಿ ಬಣ್ಣಗೆಟ್ಟ, ಗಡುಸಾದ ಕಲೆಗಳು. ಕೆಲವರಲ್ಲಿ ಅವೇ ಜಾಗದಲ್ಲಿ ಮುಂದೆ ಕ್ಯಾನ್ಸರ್.

ಫ್ರಾನ್ಸಿನ ಬೋರ್ಡೊದಲ್ಲಿದ್ದ ವಿಲಿಯಂ ದುಬ್ರೈ ಇನ್ನೂ ಮುಂದೆ ಹೋದ. ಬೋರ್ಡೊ ದ್ರಾಕ್ಷಾರಸಕ್ಕೆ ಹೆಸರಾದ ಊರು. ಸುತ್ತಲಿನ ತೋಟಗಳ ಕೂಲಿಗಳಲ್ಲಿ ಮುಖದ ಚರ್ಮದ ಕ್ಯಾನ್ಸರ್ ಹೆಚ್ಚು, ಪೇಟೆಯೊಳಗೆ ನೆರಳಿನಲ್ಲಿ ದುಡಿಯುವವರಲ್ಲಿ ಕಡಿಮೆ ಎಂಬುದನ್ನು ಅವನು ಗಮನಿಸಿದ. ಜನ ಒಂದೇ, ಸೀಮೆ ಒಂದೇ, ಬೇರೆಯಾದದ್ದು ಬಿಸಿಲು. 1907ರಲ್ಲಿ ಅವನು ಈ ಕ್ಯಾನ್ಸರ್ ಬಿಸಿಲಿನಿಂದ ಹುಟ್ಟಿದ್ದು ಎಂದು ಬರೆದ.

ನಮ್ಮ ಓದುಗರಿಗೆ ಇಲ್ಲೊಂದು ಪ್ರಶ್ನೆ ಹೊಳೆಯಬಹುದು. ಯಲಹಂಕದಿಂದ ಉತ್ತರಕ್ಕೆ ದೇವನಹಳ್ಳಿ, ಚಿಕ್ಕಬಳ್ಳಾಪುರಗಳವರೆಗೆ ದ್ರಾಕ್ಷಿ ತೋಟಗಳಿಲ್ಲವೆ? ಇವೆ. ‘ಬೆಂಗಳೂರು ನೀಲಿ’ ದ್ರಾಕ್ಷಿ ಈ ಸೀಮೆಯ ಹೆಸರನ್ನೇ ಹೊತ್ತಿದೆ. ಆದರೆ ಬೋರ್ಡೊದ ಬಳ್ಳಿ ಸೊಂಟದೆತ್ತರದ್ದು. ಕೂಲಿಯವನು ಬಯಲಲ್ಲಿ ಬಾಗಿ, ಕತ್ತು ಮತ್ತು ಕಿವಿಯನ್ನು ಸೂರ್ಯನಿಗೆ ಒಡ್ಡಿ ದುಡಿಯಬೇಕು. ನಮ್ಮ ಬಳ್ಳಿಯನ್ನು ಕಲ್ಲುಕಂಬ ನೆಟ್ಟು, ತಂತಿ ಕಟ್ಟಿ ಆಳೆತ್ತರದ ಚಪ್ಪರಕ್ಕೆ ಹಬ್ಬಿಸುತ್ತಾರೆ. ಎಲೆಯ ಸೂರಿನಡಿ ನಿಂತು ಗೊಂಚಲು ಕತ್ತರಿಸುತ್ತಾರೆ. ಬೆಳೆಗೆ ಅನುಕೂಲವೆಂದು ಮಾಡಿದ ಚಪ್ಪರ ದುಡಿಯುವವನಿಗೂ ನೆರಳು.

ಕೋಗಿಲಿನ ಸೊಪ್ಪಿನ ವ್ಯಾಪಾರಿ ಹುಟ್ಟಿದ್ದು ದೇವನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ‘ನಮ್ಮಪ್ಪ ನನ್ನ ರಾಗಿ ಹೊಲಕ್ಕೆ ಕಳಿಸ್ತಿರ್ಲಿಲ್ಲ. ನನಗೆ ಯಾವಾಗ್ಲೂ ದ್ರಾಕ್ಷಿ ಚಪ್ಪರದ ಕೆಳಗೇ ಕೆಲಸ. ಅಣ್ಣಂದಿರು ಗೊಣಗೋರು’ ಎಂದು ಅವರು ನೆನೆಯುತ್ತಾರೆ. ಆ ತಂದೆ ಉನ್ನಾನ ಹೆಸರು ಕೇಳಿರಲಿಲ್ಲ, ದುಬ್ರೈಯನ್ನು ಓದಿರಲಿಲ್ಲ. ಮಗ ಬಿಸಿಲಿಗೆ ಹೋದರೆ ಸುಟ್ಟುಹೋಗುತ್ತಾನೆ ಎಂಬುದನ್ನು ಕಣ್ಣಾರೆ ಕಂಡಿದ್ದರು, ಅಷ್ಟೆ.

ಬಿಸಿಯಲ್ಲ, ಬೆಳಕು

ಸುಡುವುದು ಬಿಸಿಲಿನ ಬಿಸಿ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1820ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಎವರಾರ್ಡ್ ಹೋಮ್ ತನ್ನ ಎರಡು ಕೈಗಳನ್ನೇ ಪರೀಕ್ಷೆಗಿಟ್ಟ. ಎರಡನ್ನೂ ಬಿಸಿಲಿಗೆ ಒಡ್ಡಿ, ಒಂದರ ಮೇಲೆ ಕಪ್ಪು ಬಟ್ಟೆ ಹೊದಿಸಿದ. ಕಪ್ಪು ಬಟ್ಟೆಯ ಕೆಳಗೆ ಉಷ್ಣಮಾಪಕ ಹೆಚ್ಚು ಬಿಸಿ ತೋರಿಸಿತು. ಆದರೂ ಗುಳ್ಳೆ ಎದ್ದದ್ದು ಬರಿಗೈಯ ಮೇಲೆ. ಹಾಗಾದರೆ ಸುಟ್ಟದ್ದು ಬಿಸಿಯಲ್ಲ, ಬೆಳಕಿನೊಳಗಿನ ಇನ್ನೇನೋ. ಕಪ್ಪು ಚರ್ಮ ಉಷ್ಣವಲಯದ ಜನರಿಗೆ ಗುರಾಣಿ ಎಂಬ ತೀರ್ಮಾನಕ್ಕೂ ಅವನು ಬಂದ.

ಆ ‘ಇನ್ನೇನೋ’ ಆಗಲೇ ಪತ್ತೆಯಾಗಿತ್ತು. 1800ರಲ್ಲಿ ವಿಲಿಯಂ ಹರ್ಷೆಲ್ ಕಾಮನಬಿಲ್ಲಿನ ಕೆಂಪಿನ ಆಚೆ ಕಣ್ಣಿಗೆ ಕಾಣದ, ಬಿಸಿ ಕೊಡುವ ಕಿರಣವನ್ನು ಕಂಡ. ಮರುವರ್ಷ ಜರ್ಮನಿಯ ಯೋಹಾನ್ ರಿಟ್ಟರ್ ನೇರಳೆಯ ಆಚೆ ಇನ್ನೊಂದನ್ನು ಕಂಡ. ಅದು ಬೆಳ್ಳಿಯ ಲವಣವನ್ನು ಬೇರೆ ಬಣ್ಣಗಳಿಗಿಂತ ಬೇಗ ಕಪ್ಪಾಗಿಸುತ್ತಿತ್ತು. ಅದೇ ನೇರಳಾತೀತ ಕಿರಣ. ಚರ್ಮವನ್ನು ಸುಡುವುದು ಈ ಎರಡನೆಯದೇ ಎಂದು 1889ರಲ್ಲಿ ಸ್ವೀಡನ್ನಿನ ವಿಡ್‌ಮಾರ್ಕ್ ತೋರಿಸಿದ. ಅದರಿಂದ ಇಲಿಗಳ ಚರ್ಮದಲ್ಲಿ ಗೆಡ್ಡೆ ಬರುತ್ತದೆ ಎಂದು 1928ರಲ್ಲಿ ಇಂಗ್ಲೆಂಡಿನ ಫಿಂಡ್ಲೆ ತೋರಿಸಿದ.

ಒಳಗೆ ನಡೆಯುವುದೇನು ಎಂಬುದು ತಿಳಿಯಲು ಇನ್ನೂ ಆರು ದಶಕ ಬೇಕಾಯಿತು. ನೇರಳಾತೀತ ಕಿರಣ ಜೀವಕೋಶದ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಕೊಂಡಿಗಳನ್ನು ಬೆಸೆದುಬಿಡುತ್ತದೆ. ದೇಹ ಅದನ್ನು ಕತ್ತರಿಸಿ ರಿಪೇರಿ ಮಾಡುತ್ತದೆ, ಒಮ್ಮೊಮ್ಮೆ ತಪ್ಪುತ್ತದೆ. ಕೆಟ್ಟ ಕೋಶವನ್ನು ಹಿಡಿದು ನಿಲ್ಲಿಸುವ ಪಿ53 ಎಂಬ ಕಾವಲು ವಂಶವಾಹಿಯಲ್ಲೇ ತಪ್ಪಾದರೆ ಅಂಥ ಕೋಶಗಳು ಬೆಳೆಯುತ್ತಾ ಹೋಗುತ್ತವೆ. ಚರ್ಮದ ಕ್ಯಾನ್ಸರ್‌ನ ಪಿ53 ವಂಶವಾಹಿಯಲ್ಲಿ ನೇರಳಾತೀತ ಕಿರಣದ ಗುರುತನ್ನು 1991ರಲ್ಲಿ ಡಗ್ಲಸ್ ಬ್ರಾಶ್ ಮತ್ತು ಸಂಗಡಿಗರು ಓದಿದರು. 1994ರ ಹೊತ್ತಿಗೆ ಅದೇ ಗುರುತು ಒರಟು ಕಲೆಗಳಲ್ಲೂ ಸಿಕ್ಕಿತು. ಅಂದರೆ ಕಲೆ ಕ್ಯಾನ್ಸರ್ ಆಗುವ ದಾರಿಯಲ್ಲಿ ಒಂದು ತಂಗುದಾಣ.

ಇದು ತಿಳಿದ ಮೇಲೆ ಬೆಂಗಳೂರಿನ ಹವೆಯ ಬಗ್ಗೆ ನಮ್ಮ ಹೆಮ್ಮೆಯನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ. ನಮ್ಮೂರು 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ನೇರಳಾತೀತ ಕಿರಣ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ಇಲ್ಲಿ ನಡುನೆತ್ತಿಗೆ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನವರು ಸ್ವೆಟರ್ ಹಾಕಿ ಓಡಾಡುವುದುಂಟು! ಎತ್ತರ ಮತ್ತು ಗಾಳಿ ಬಿಸಿಯನ್ನು ಕಡಿಮೆ ಮಾಡುತ್ತವೆ, ಕಿರಣವನ್ನಲ್ಲ. ತೆಳುಮೋಡವೂ ಅದನ್ನು ಹೆಚ್ಚೇನೂ ತಡೆಯದು. ರಾಯಚೂರಿನ ಬಿಸಿಲು ‘ಒಳಗೆ ಹೋಗು’ ಎಂದು ಗದರಿಸುತ್ತದೆ. ಬೆಂಗಳೂರಿನದು ಏನೂ ಹೇಳುವುದಿಲ್ಲ.

ನಮ್ಮಲ್ಲಿ ಯಾರಿಗೆ?

ಹಾಗಾದರೆ ನಮ್ಮ ರೈತರೆಲ್ಲರ ಮುಖದಲ್ಲೂ ಈ ಕಲೆಗಳು ಇರಬೇಕಿತ್ತಲ್ಲವೆ? ಇಲ್ಲ, ಏಕೆಂದರೆ ಹೋಮ್ ಹೇಳಿದ ಗುರಾಣಿ ನಮಗಿದೆ. ಮೆಲನಿನ್ ಎಂಬ ವರ್ಣದ್ರವ್ಯ ಕೋಶದ ತಲೆಯ ಮೇಲೆ ಕೊಡೆಯಂತೆ ಹರಡಿ ನಿಲ್ಲುತ್ತದೆ. ಅದರ ಜೊತೆಗೆ ರುಮಾಲು, ಸೆರಗು, ಕಂಬಳಿ ಕೊಪ್ಪೆ, ಕರಾವಳಿಯ ಅಡಿಕೆ ಹಾಳೆಯ ಟೋಪಿ.

ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರ್‌ನ ಇತಿಹಾಸವೇ ಬೇರೆ. ಕಾಶ್ಮೀರದಲ್ಲಿ ಅಂಗಿಯೊಳಗೆ ಕೆಂಡದ ‘ಕಾಂಗ್ರಿ’ ಇಟ್ಟುಕೊಳ್ಳುವವರ ಹೊಟ್ಟೆ, ತೊಡೆಗಳಲ್ಲಿ ಅದು ಬರುತ್ತಿತ್ತು. ಬಿಗಿಯಾಗಿ ಕಟ್ಟಿದ ಪಂಚೆ ಉಜ್ಜಿ ಸೊಂಟದ ಮೇಲೆ ಬರುವ ಕ್ಯಾನ್ಸರ್ ಬಗ್ಗೆ ಮುಂಬಯಿಯ ಡಾ. ಖಾನೋಲ್ಕರ್ 1945ರಲ್ಲಿ ಬರೆದರು. ಹಳೆಯ ಸುಟ್ಟಗಾಯದ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು ಇವೂ ಕಾರಣ. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ದೇಶದ ನೋಂದಣಿಗಳ ಲೆಕ್ಕವನ್ನೆಲ್ಲ ಒಟ್ಟುಗೂಡಿಸುವ ಐಸಿಎಂಆರ್ ಕೇಂದ್ರ ಇರುವುದೂ ಕೋಗಿಲಿನಿಂದ ಉತ್ತರಕ್ಕೆ, ದೇವನಹಳ್ಳಿ ದಾರಿಯ ಕನ್ನಮಂಗಲದ ಬಳಿ. ಭಾರತದ ಒಟ್ಟು ಕ್ಯಾನ್ಸರ್‌ಗಳಲ್ಲಿ ಚರ್ಮದ್ದು ನೂರಕ್ಕೆ ಒಂದೆರಡು ಮಾತ್ರ.

ತೊಂದರೆ ಇರುವುದು ಈ ಸಮಾಧಾನದಲ್ಲೇ. ‘ನಮ್ಮವರಿಗೆ ಬರುವುದಿಲ್ಲ’ ಎಂದು ಗಟ್ಟಿಯಾಗಿ ನಂಬಿದ ಮೇಲೆ, ಬರುವ ಕೆಲವರನ್ನು ಯಾರೂ ನೋಡುವುದಿಲ್ಲ. ಮೆಲನಿನ್ ಇಲ್ಲದೆ, ಇಲ್ಲವೆ ತೀರಾ ಕಡಿಮೆಯಿದ್ದು ಹುಟ್ಟಿದವರಿಗೆ ಈ ನೆಲದ ಸೂರ್ಯನೆದುರು ಗುರಾಣಿಯೇ ಇಲ್ಲ. ಬ್ರಿಟಿಷ್ ಅಧಿಕಾರಿ ಹನ್ನೊಂದಕ್ಕೆ ಬಂಗಲೆ ಸೇರುತ್ತಿದ್ದ. ಅಲ್ಪಸ್ವಲ್ಪ ಮೆಲನಿನ್ ಅವನಿಗೂ ಇತ್ತು. ಸೊಪ್ಪಿನ ಗಾಡಿಗೆ ಬಂಗಲೆ ಎಲ್ಲಿ? ಇವರಿಗಿಂತಲೂ ಕಷ್ಟದಲ್ಲಿರುವವರು ಕ್ಸೀರೊಡರ್ಮಾ ಪಿಗ್ಮೆಂಟೋಸಮ್ ಇರುವ ಮಕ್ಕಳು. ಅವರಿಗೆ ಬಾಲ್ಯದಲ್ಲೇ ಕ್ಯಾನ್ಸರ್ ಬರುತ್ತದೆ. ಅವರ ಕೋಶಗಳಲ್ಲಿ ಡಿಎನ್‌ಎ ರಿಪೇರಿಯೇ ನಡೆಯದು ಎಂಬುದನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ಕಂಡುಕೊಂಡರು.

ಇವೆರಡರಲ್ಲೂ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮಗುವಿನಲ್ಲಿ ಲಕ್ಷಣ ಕಾಣುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು. ಒಂದೇ ಮನೆತನದ ಪ್ರತಿಗಳು ಒಟ್ಟು ಸೇರುವ ಸಂಭವ ಅಂಥಲ್ಲಿ ಹೆಚ್ಚು.

ಗುರುತು ಮತ್ತು ಚಿಕಿತ್ಸೆ

ಬಿಸಿಲು ಬೀಳುವ ಜಾಗವನ್ನು ಮೊದಲು ನೋಡಬೇಕು: ಕಿವಿಯ ಅಂಚು, ಮೂಗು, ಹಣೆ, ಬೋಳುತಲೆ, ಕತ್ತಿನ ಹಿಂಭಾಗ, ಮುಂಗೈ, ಕೆಳತುಟಿ. ಕಲೆ ಅಕ್ಕಿಕಾಳಿನಿಂದ ನಾಣ್ಯದಷ್ಟು ದೊಡ್ಡದಿರಬಹುದು. ಕೆಂಪು, ಕಂದು ಅಥವಾ ಚರ್ಮದ್ದೇ ಬಣ್ಣ. ಬಂಗು ನುಣುಪಾಗಿರುತ್ತದೆ, ಇದು ಒರಟು. ಕಿತ್ತ ಹಕ್ಕಳೆ ಅದೇ ಜಾಗದಲ್ಲಿ ಮರಳಿ ಕಟ್ಟುವುದು ಇದರ ಲಕ್ಷಣ. ತುಟಿಯಾದರೆ ಸದಾ ಒಣಗಿ ಸಿಪ್ಪೆ ಏಳುತ್ತದೆ, ತುಟಿ ಮತ್ತು ಚರ್ಮದ ನಡುವಿನ ಗೆರೆ ಮಸುಕಾಗುತ್ತದೆ.

ಪ್ರತಿ ಕಲೆಯೂ ಕ್ಯಾನ್ಸರ್ ಆಗುವುದಿಲ್ಲ. ಕೆಲವು ತಾವಾಗಿಯೇ ಮಾಯವಾಗುತ್ತವೆ. ಒಂದು ಕಲೆ ಒಂದು ವರ್ಷದಲ್ಲಿ ಕ್ಯಾನ್ಸರ್‌ಗೆ ತಿರುಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಹಲವು ಅಂದಾಜುಗಳಿವೆ. ಆದರೆ ಹತ್ತಾರು ಕಲೆ, ಹತ್ತಾರು ವರ್ಷ ಎಂದಾಗ ಲೆಕ್ಕ ಬದಲಾಗುತ್ತದೆ. ಯಾವುದು ತಿರುಗುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ದಪ್ಪವಾದರೆ, ಬುಡ ಗಟ್ಟಿಯಾದರೆ, ನೋವು ಬಂದರೆ, ರಕ್ತ ಒಸರಿದರೆ, ಹುಣ್ಣಾಗಿ ತಿಂಗಳಾದರೂ ಮಾಯದಿದ್ದರೆ ತಡಮಾಡಬಾರದು. ಅಂಥದ್ದರಿಂದ ವೈದ್ಯರು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಚಿಕಿತ್ಸೆ ಸರಳ. ಮೈನಸ್ 196 ಡಿಗ್ರಿಯ ದ್ರವ ಸಾರಜನಕವನ್ನು ಕಲೆಯ ಮೇಲೆ ಕೆಲವು ಸೆಕೆಂಡು ಚಿಮ್ಮಿಸಿ ಹೆಪ್ಪುಗಟ್ಟಿಸುತ್ತಾರೆ. ಚುರುಕ್ಕೆನ್ನುತ್ತದೆ, ಗುಳ್ಳೆ ಎದ್ದು ಒಣಗಿ ಉದುರುತ್ತದೆ. ಹಾಲಿನ ಡೇರಿಗೆ ಹಸು ಹೊಡೆದುಕೊಂಡು ಹೋಗುವವರಿಗೆ ಈ ದ್ರವ ಹೊಸದಲ್ಲ. ಹೆಸರಘಟ್ಟದ ಕೇಂದ್ರದಲ್ಲಿ ಹೋರಿಗಳ ವೀರ್ಯವನ್ನು ಕಾಪಿಡುವುದು ಇದರಲ್ಲೇ.

ಕಲೆಗಳು ಹೆಚ್ಚಿದ್ದರೆ ಮುಲಾಮು ಉಂಟು. ಅದರ ಕಥೆ ಆಕಸ್ಮಿಕದ್ದು. 5-ಫ್ಲೂರೋಯುರಾಸಿಲ್ ಎಂಬುದು 1957ರಲ್ಲಿ ಬೆಳಕಿಗೆ ಬಂದ ಕ್ಯಾನ್ಸರ್ ಔಷಧಿ. ಬೇರೆ ಕ್ಯಾನ್ಸರ್‌ಗೆಂದು ಅದನ್ನು ಪಡೆಯುತ್ತಿದ್ದ ರೋಗಿಗಳ ಮುಖದ ಒರಟು ಕಲೆಗಳು ಕೆರಳಿದ್ದನ್ನು 1962ರಲ್ಲಿ ದಕ್ಷಿಣ ಆಫ್ರಿಕದ ಫಾಲ್ಕ್‌ಸನ್ ಮತ್ತು ಶುಲ್ಟ್ಸ್ ವರದಿ ಮಾಡಿದರು. ಔಷಧಿ ಒಳ್ಳೆಯ ಚರ್ಮ ಬಿಟ್ಟು ಕೆಟ್ಟದ್ದನ್ನೇ ಹುಡುಕಿ ಹಿಡಿದಿತ್ತು. ಮರುವರ್ಷವೇ ಅದನ್ನು ಹೊರಗಿನಿಂದ ಹಚ್ಚಿ ನೋಡಿದರು. ಈಗಲೂ ವೈದ್ಯರು ಅದನ್ನು ಎರಡು ಮೂರು ವಾರ ಹಚ್ಚಲು ಹೇಳುತ್ತಾರೆ. ಮೊದಲಿಗೆ ಚರ್ಮ ಕೆಂಪಾಗಿ ಉರಿಯುತ್ತದೆ. ಅದು ಔಷಧಿ ಕೆಲಸ ಮಾಡುತ್ತಿರುವ ಗುರುತು. ಅದನ್ನು ತಿಳಿಯದೆ ಹೆದರಿ ಅರ್ಧಕ್ಕೆ ನಿಲ್ಲಿಸುವವರೂ ಇದ್ದಾರೆ.

ತಡೆಯ ಪಾಠವನ್ನು ಆಸ್ಟ್ರೇಲಿಯದಿಂದ ಕಲಿಯಬೇಕು. ಅಲ್ಲಿನ ಕ್ರಿಕೆಟಿಗರು ಮೂಗು ತುಟಿಗಳಿಗೆ ಬಿಳಿ ಸತುವಿನ ಲೇಪ ಬಳಿದುಕೊಂಡು ಆಡುವುದನ್ನು ನಾವು ಟೀವಿಯಲ್ಲಿ ನೋಡಿ ನಕ್ಕಿದ್ದೇವೆ. ಅವರ ಹಿರಿಯ ರಿಚಿ ಬೆನೊ ಆಡುವಾಗ ಟೋಪಿ ಹಾಕುತ್ತಿರಲಿಲ್ಲ. 2014ರಲ್ಲಿ, ತಮ್ಮ 84ನೇ ವಯಸ್ಸಿನಲ್ಲಿ, ಚರ್ಮದ ಕ್ಯಾನ್ಸರ್ ಬಂದಾಗ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ಅದೇ ದೇಶದಲ್ಲಿ 588 ಮಂದಿಯ ಮೇಲೆ ಒಂದು ಬೇಸಿಗೆ ನಡೆದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಹೊಸ ಕಲೆಗಳು ಕಡಿಮೆಯಾದದ್ದಷ್ಟೇ ಅಲ್ಲ, ಇದ್ದವೂ ಹೆಚ್ಚು ಮಾಯವಾದವು. ನಮ್ಮ ಅಂಗಡಿಗಳಲ್ಲಿ ಆ ಟ್ಯೂಬು ಸೌಂದರ್ಯವರ್ಧಕಗಳ ಸಾಲಿನಲ್ಲಿ, ಅವುಗಳದೇ ಬೆಲೆಯಲ್ಲಿ ಕುಳಿತಿದೆ. ಆಲ್ಬಿನಿಸಂ ಇರುವವರಿಗೆ ಅದು ದಿನನಿತ್ಯದ ಔಷಧಿ. ಸೊಪ್ಪು ಮಾರಿ ಅದನ್ನು ಕೊಳ್ಳುವುದು ಸುಲಭವಲ್ಲ. ಅಂಥವರಿಗೆ ಮೊದಲ ರಕ್ಷಣೆ ಬಟ್ಟೆ, ಟೋಪಿ ಮತ್ತು ನೆರಳೇ.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಮುಂದಿನ ವರ್ಷಗಳಲ್ಲಿ ಸೊಪ್ಪಿನ ವ್ಯಾಪಾರಿಯ ತಂದೆಯ ತೋಟ ಸೈಟುಗಳಾಯಿತು. ಕಲ್ಲುಕಂಬಗಳು ಉರುಳಿದವು, ಮಗ ಕೋಗಿಲಿಗೆ ಬಂದು ಗಾಡಿ ಹಿಡಿದರು. ಕಿವಿಯ ಕಲೆ ಎದ್ದದ್ದು ಆಮೇಲೆ. ಈಗ ಗಾಡಿಯ ನಾಲ್ಕು ಮೂಲೆಗೆ ಬಿದಿರು ಕಟ್ಟಿ ಗೋಣಿಚೀಲದ ಚಪ್ಪರ ಹಾಕಿದ್ದಾರೆ. ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸುತ್ತಾರೆ. ಎರಡು ಕಲೆಗಳನ್ನು ಸುಟ್ಟು ತೆಗೆದಿದ್ದಾಯಿತು.

ಅವರ ತಂಗಿಯ ಮಗಳಿಗೂ ಇದೇ ಚರ್ಮ. ಐದನೇ ತರಗತಿ. ಶಾಲೆಯಲ್ಲಿ ಆಟದ ಪೀರಿಯಡ್ ಹನ್ನೆರಡಕ್ಕೆ. ಟೋಪಿ ಸಮವಸ್ತ್ರದಲ್ಲಿಲ್ಲ, ಆದ್ದರಿಂದ ಹಾಕುವಂತಿಲ್ಲ ಎಂದರಂತೆ. ಇವರು ಮೂರು ಸಲ ಹೋಗಿ, ತಮ್ಮ ಕಿವಿ ತೋರಿಸಿ, ವೈದ್ಯರ ಚೀಟಿ ಕೊಟ್ಟು ಬಂದ ಮೇಲೆ ಒಪ್ಪಿದರು. ಹುಡುಗಿಗೆ ಈಗ ಅಗಲ ಅಂಚಿನ ಬಟ್ಟೆ ಟೋಪಿ. ಭಾನುವಾರ ಅವಳು ಮಾವನ ಮನೆಗೆ ಬಂದಾಗ ಇವರು ಅವಳ ಎರಡೂ ಕಿವಿಗಳ ಅಂಚಿನ ಮೇಲೆ ಮೆಲ್ಲನೆ ಬೆರಳಾಡಿಸುತ್ತಾರೆ. ‘ಇನ್ನೂ ನುಣ್ಣಗಿದೆ’ ಎಂದು ಹೇಳಿ, ಕೊತ್ತಂಬರಿ ಕಟ್ಟುಗಳ ಮೇಲೆ ನೀರು ಚಿಮುಕಿಸಲು ತಿರುಗಿದರು.